ಎಪ್ಪತ್ತೆರಡನೇ ಮನೆ ಯಾರದ್ದು?

ಪಿಯುಸಿಯಲ್ಲಿ ಸೈನ್ಸ್ ತಗೊಂಡವರೆಲ್ಲ 'ಒನ್ ಎಸ್ ಟೂ, ಟೂ ಎಸ್ ಟೂ, ಟೂ ಪಿ ಸಿಕ್ಸ್' ಅಂತ ಮಗ್ಗಿ ಥರ ಉರು ಹೊಡೆದವರೇ. ಈಗ ಇಲ್ಲಿ ಅಮೇರಿಕಾದ ಹೈಸ್ಕೂಲಿನಲ್ಲಿ ನನ್ನ ಮಗಳೂ ಅದೇ ಮಗ್ಗಿ ಹೇಳ್ತಿದಾಳೆ. "ಅಪ್ಪಾ, ಪರೀಕ್ಷೆ ಬಿಟ್ಟು ಇದ್ರಿಂದ ಇನ್ನೇನು ಉಪಯೋಗ?" ಅಂದ್ಲು. ನ್ಯಾಯವಾದ ಪ್ರಶ್ನೆ. ಅವಳಿಗೆ ಹೇಳಿದ ಕಥೆಯನ್ನೇ ನಿಮಗೂ ಹೇಳ್ತೀನಿ.

1913-14ರಲ್ಲಿ ಇಂಗ್ಲೆಂಡಿನ ಹೆನ್ರಿ ಮೋಸ್ಲೆ ಎಕ್ಸ್-ರೇ ಬಳಸಿ ಪ್ರತಿ ಧಾತುವಿಗೂ ಅದರ ಕ್ರಮಸಂಖ್ಯೆ ಗುರುತಿಸುವ ದಾರಿ ತೋರಿಸಿದ. (1915ರಲ್ಲಿ, ಬರೀ 27ನೇ ವಯಸ್ಸಿಗೆ, ಗಲಿಪೊಲಿ ಯುದ್ಧದಲ್ಲಿ ಸತ್ತುಹೋದ, ಪಾಪ.) 72ನೇ ಧಾತು ನಂದು ಅಂತ ಫ್ರಾನ್ಸಿನ ಜಾರ್ಜ್ ಉರ್ಬೈನ್ ವಾದ. 1911ರಲ್ಲೇ ರೇರ್ ಅರ್ತ್ ಧಾತುಗಳ ಜೊತೆ ಅದು ಸಿಕ್ಕಿದೆ ಅಂತ 'ಸೆಲ್ಟಿಯಂ' ಅನ್ನೋ ಹೆಸರನ್ನೂ ಇಟ್ಟಾಗಿತ್ತು.

ಕೋಪನ್‌ಹೇಗನ್ನಿನ ನೀಲ್ಸ್ ಬೋರ್ ಇದನ್ನ ಒಪ್ಪಲಿಲ್ಲ. ಅವನ ಲೆಕ್ಕ ಇವತ್ತಿನ ಭಾಷೆಯಲ್ಲಿ ಹೀಗೆ: ರೇರ್ ಅರ್ತ್ ಧಾತುಗಳಲ್ಲಿ ಹೊಸದಾಗಿ ಬರೋ ಎಲೆಕ್ಟ್ರಾನ್ ಹೊರಜಗುಲಿಯಲ್ಲಿ ಕೂರೋದಿಲ್ಲ, ಒಳಮನೆಗೆ, ಅಂದ್ರೆ 'ಫೋರ್ ಎಫ್'ಗೆ ಹೋಗುತ್ತೆ. ಹೊರಗಿನಿಂದ ನೋಡಿದ್ರೆ ಎಲ್ಲವೂ ಒಂದೇ ಥರ, ಅದಕ್ಕೇ ಅವುಗಳನ್ನ ಬೇರ್ಪಡಿಸೋದು ಅಷ್ಟು ಕಷ್ಟ. ಆದರೆ ಆ ಒಳಮನೆಯಲ್ಲಿ ಜಾಗ ಇರೋದು ಹದಿನಾಲ್ಕೇ. 71ನೇ ಲುಟೇಷಿಯಂ ಹೊತ್ತಿಗೆ ಅದು ಭರ್ತಿ. ಹಾಗಾದ್ರೆ 72ನೆಯದು ಆ ಕುಟುಂಬದ್ದೇ ಅಲ್ಲ! ಅದರ ಹೊರಗಡೆ ನಾಲ್ಕು ಎಲೆಕ್ಟ್ರಾನ್ ಇರಬೇಕು, ಜಿರ್ಕೋನಿಯಂ ಥರ.

ಅಂದ್ರೆ ಹುಡುಕಬೇಕಾದ ಜಾಗವೇ ಬೇರೆ. ಬೋರ್ ಸಂಸ್ಥೆಯಲ್ಲೇ ಇದ್ದ ಡರ್ಕ್ ಕೋಸ್ಟರ್ ಮತ್ತು ಜಾರ್ಜ್ ಹೆವೆಶಿ ಜಿರ್ಕೋನಿಯಂ ಖನಿಜಗಳನ್ನ ಎಕ್ಸ್-ರೇಗೆ ಹಿಡಿದ್ರು. ಸಿಕ್ಕೇಬಿಡ್ತು! ಆಗ ಬೋರ್ ನೊಬೆಲ್ ಪ್ರಶಸ್ತಿಗೆ ಸ್ಟಾಕ್‌ಹೋಮಿನಲ್ಲಿದ್ದ. ಸುದ್ದಿ ತಲುಪಿದ್ದೇ ತಡ, 1922ರ ಡಿಸೆಂಬರ್ 11ರ ತನ್ನ ನೊಬೆಲ್ ಉಪನ್ಯಾಸದ ಕೊನೆಗೆ ಅದನ್ನೂ ಸೇರಿಸಿದ. ಕೋಪನ್‌ಹೇಗನ್ನಿನ ಲ್ಯಾಟಿನ್ ಹೆಸರು ಹಾಫ್ನಿಯಾ. ಧಾತುವಿಗೆ ಹಾಫ್ನಿಯಂ ಅಂತ ನಾಮಕರಣ ಆಯ್ತು.

ತಮಾಷೆ ನೋಡಿ, ಅಣ್ಣತಮ್ಮಂದಿರಂತೆ ಬೆರೆತಿರೋ ಈ ಎರಡು ಧಾತುಗಳಿಗೆ ಅಣುಸ್ಥಾವರದಲ್ಲಿ ತದ್ವಿರುದ್ಧ ಕೆಲಸ. ಜಿರ್ಕೋನಿಯಂ ನ್ಯೂಟ್ರಾನುಗಳನ್ನ ಸುಮ್ಮನೆ ಹೋಗೋಕೆ ಬಿಡುತ್ತೆ, ಅದಕ್ಕೇ ಇಂಧನದ ಕೊಳವೆ ಆಗುತ್ತೆ. ಹಾಫ್ನಿಯಂ ನುಂಗಿಬಿಡುತ್ತೆ, ಅದಕ್ಕೇ ನಿಯಂತ್ರಕ ಸರಳಾಗುತ್ತೆ. ಯಾಕಂದ್ರೆ ಅದು ನ್ಯೂಕ್ಲಿಯಸ್ಸಿನ ಗುಣ. ಎಲೆಕ್ಟ್ರಾನುಗಳು ಹೇಳೋದು ರಸಾಯನಶಾಸ್ತ್ರದ ನೆಂಟಸ್ತನ ಮಾತ್ರ. 2007ರಿಂದ ಕಂಪ್ಯೂಟರ್ ಚಿಪ್ಪುಗಳಿಗೂ ಹಾಫ್ನಿಯಂ ಬಂದಿದೆ.

ಅಂದಹಾಗೆ ಈ ಎಸ್, ಪಿ, ಡಿ, ಎಫ್ ಅನ್ನೋ ಅಕ್ಷರಗಳು ಎಲ್ಲಿಂದ ಬಂದವು ಗೊತ್ತಾ? ಅದನ್ನ ಇನ್ನೊಂದು ದಿನ ಬರೀತೀನಿ :-)