ಯಾವ ದೇಶಕ್ಕೆ, ಸಿಸ್ಟರ್?

ಜಹೀರಾಬಾದಿನ ಹುಡುಗಿ ನರ್ಸಿಂಗ್ ಓದಬೇಕೆಂದರೆ ಹೈದರಾಬಾದಿಗಿಂತ ಬೀದರ್ ಹತ್ತಿರ. ತಾಂಡೂರಿನವಳು ಸೇಡಂ, ವಾಡಿ ದಾಟಿ ರೈಲಿನಲ್ಲಿ ಕಲಬುರಗಿ ಮುಟ್ಟುತ್ತಾಳೆ. 1956ರ ನವೆಂಬರ್ 1ಕ್ಕೆ ಮುಂಚೆ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯವು, ತಾಂಡೂರು ಕಲಬುರಗಿಯದು. ರಾಜ್ಯಗಳ ನಡುವೆ ಗೆರೆ ಬಿದ್ದ ಮೇಲೂ ಜನ ದವಾಖಾನೆಗೆ, ಸಂತೆಗೆ, ಬೀಗರ ಮನೆಗೆ ಕರ್ನಾಟಕದ ಈ ಕಡೆ ಬರುವುದು ನಿಂತಿಲ್ಲ.

ಇದೆಲ್ಲ ಏಕೆ ಹೇಳಿದೆ ಎಂದರೆ, ಹೊರದೇಶದ ಲೆಕ್ಕ ಶುರುವಾಗುವುದೇ ಇಲ್ಲಿಂದ. ಇಂಥ ಹುಡುಗಿಯ ಹತ್ತನೆಯ ತರಗತಿಯ ಮೆಮೊ, ಅಂದರೆ ಅಂಕಪಟ್ಟಿ, ತೆಲಂಗಾಣದ್ದು. ಬಿಎಸ್ಸಿ ಪದವಿ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ನೋಂದಣಿ ಕರ್ನಾಟಕ ನರ್ಸಿಂಗ್ ಪರಿಷತ್ತಿನದು. ಗಲ್ಫ್ ದೇಶಗಳ ಪರವಾಗಿ ಡೇಟಾಫ್ಲೋ ಸಂಸ್ಥೆ ಕಾಗದ ಪರಿಶೀಲಿಸುವಾಗ ಅವನ್ನು ಕೊಟ್ಟ ಕಚೇರಿಗಳನ್ನೇ ಕೇಳುತ್ತದೆ. ತೊಡಕು ಹೆಸರಿನಲ್ಲಿ. ತೆಲುಗಿನ ರೂಢಿಯಲ್ಲಿ ಮನೆಹೆಸರು ಮೊದಲು. ಈ ಕಡೆ ಕಾಲೇಜಿನ ಗುಮಾಸ್ತ ಅದನ್ನು ಕತ್ತರಿಸಿ ಇನಿಷಿಯಲ್ ಮಾಡಿ ಕೊನೆಗೆ ಅಂಟಿಸಿರುತ್ತಾನೆ. ಪಾಸ್‌ಪೋರ್ಟಿನಲ್ಲಿ ಮೂರನೆಯ ಬಗೆ. ಮೂರೂ ಒಬ್ಬಳದೇ ಹೆಸರು ಎಂದು ದುಬೈಯ ಕಂಪ್ಯೂಟರಿಗೆ ತಿಳಿಸಿ ಹೇಳುವವರು ಯಾರು? ಹೆಸರು ಸರಿಪಡಿಸಿಕೊಳ್ಳುವುದು ಮೊದಲ ಕೆಲಸ, ದೇಶ ಆಮೇಲೆ.

ಗಲ್ಫಿಗೆ ಬೇಗ ಹೋಗಬಹುದು, ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ದಖನಿ ಉರ್ದು ಬಲ್ಲವಳಿಗೆ ವಾರ್ಡಿನಲ್ಲಿ ಅರ್ಧ ಕಷ್ಟ ಕಡಿಮೆ. ಆದರೆ ಅಲ್ಲಿರುವುದು ಕೆಲಸ ಇರುವಷ್ಟು ದಿನ. ಅದು ದುಡಿಯುವ ಊರು; ಮಕ್ಕಳನ್ನು ಬೆಳೆಸಿ, ಮುಪ್ಪು ಕಳೆಯುವ ಊರಲ್ಲ ಎಂದೇ ನನ್ನ ಎಣಿಕೆ. ಬ್ರಿಟನ್ನಿಗೆ ಐಇಎಲ್‌ಟಿಎಸ್‌ನಲ್ಲಿ 7 ಅಂಕ ಬೇಕು, ಬರವಣಿಗೆಗೆ ಮಾತ್ರ 6.5 ಸಾಕು. ಒಂದು ಪರೀಕ್ಷೆ ಇಲ್ಲೇ ಕಂಪ್ಯೂಟರಿನಲ್ಲಿ, ಕೈಕೆಲಸದ ಪರೀಕ್ಷೆ ಅಲ್ಲಿಗೆ ಹೋದಮೇಲೆ. ಅಮೆರಿಕದ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಬರೆಯಬಹುದು. ಪಾಸಾದರೂ ವೀಸಾದ ಸರದಿಗೆ ವರ್ಷಗಟ್ಟಲೆ ಕಾಯಬೇಕು.

ಜರ್ಮನಿಯ ವಿಚಾರ ಬೇರೆ. ಅಲ್ಲಿ ಪೂರ್ಣ ನರ್ಸ್ ಎನಿಸಿಕೊಳ್ಳಲು ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಮಾನ್ಯತೆ ಸಿಗುವ ತನಕ ಸಹಾಯಕಿಯ ಸಂಬಳ. ಹೊಸ ಭಾಷೆಯೆಂದು ಕೆಲವರು ಆ ದೇಶವನ್ನೇ ಬಿಟ್ಟುಬಿಡುತ್ತಾರೆ. ಆದರೆ ನಾರಾಯಣಖೇಡದವಳು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು, ಗಡಿಯಾಚೆ ಮರಾಠಿ ಎಂದು ಬೆಳೆದವಳು. ವ್ಯಾಕರಣ ಗೊತ್ತಿಲ್ಲದೆಯೂ ಭಾಷೆ ಹಿಡಿಯುವ ರೂಢಿ ಅವಳ ಕಿವಿಗಿದೆ. ನೆಲೆಸಲೇಬೇಕು, ಗಂಡ ಮಕ್ಕಳೂ ಬರಬೇಕು ಎನ್ನುವವಳು ಒಂದೆರಡು ವರ್ಷ ಈ ಕಲಿಕೆಗೆ ಕೊಟ್ಟರೆ ನಷ್ಟವಿಲ್ಲ.

ಹಣದ ಮಾತು ಒಂದಿದೆ. ಗಲ್ಫ್ ಸೇರಿ 18 ದೇಶಗಳಿಗೆ ನರ್ಸ್‌ಗಳ ನೇಮಕ ಸರ್ಕಾರಿ ಸಂಸ್ಥೆಗಳ ಮೂಲಕ ಆಗಬೇಕೆಂದು ಕೇಂದ್ರ 2015ರಲ್ಲಿ ನಿಯಮ ತಂದಿತು. ತೆಲಂಗಾಣದಲ್ಲಿ ಆ ಕೆಲಸಕ್ಕೆ ಟಾಮ್‌ಕಾಮ್ ಇದೆ; ಜರ್ಮನಿಗೆ ಹೋಗುವವರಿಗೆ ಭಾಷೆಯನ್ನೂ ಕಲಿಸುತ್ತದೆ. ಉಳಿದ ದೇಶಗಳಿಗಾದರೆ, ಪರವಾನಗಿ ಉಳ್ಳ ಖಾಸಗಿ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಲಕ್ಷದ ಮಾತು ಬಂತೆಂದರೆ ಚಹಾ ಕುಡಿದು ಎದ್ದು ಬನ್ನಿ.