ಯಕೃತ್ತಿನ ಗಂಟು ಮತ್ತು ಸೂಕ್ಷ್ಮ ಗುಳ್ಳೆಗಳ ಪರೀಕ್ಷೆ

ಬೇರಾವುದೋ ಕಾರಣಕ್ಕೆ ಮಾಡಿಸಿದ ಹೊಟ್ಟೆಯ ಸ್ಕ್ಯಾನಿಂಗ್ ವರದಿಯಲ್ಲಿ ‘ಯಕೃತ್ತಿನಲ್ಲಿ ಗಂಟು’ ಎಂಬ ಒಂದೇ ಸಾಲು ಕಂಡರೆ ಸಾಕು, ಮನೆಮಂದಿಯೆಲ್ಲ ಕ್ಯಾನ್ಸರ್ ಎಂದೇ ಕಂಗೆಡುತ್ತಾರೆ. ಆದರೆ ಎಲ್ಲ ಗಂಟುಗಳೂ ಮಾರಕವಲ್ಲ. ರಕ್ತನಾಳಗಳ ಗೋಜಲಿನಿಂದಾದ ಹೆಮಾಂಜಿಯೋಮ ಎಂಬ ಗಂಟು ಅನೇಕರಲ್ಲಿ ಯಾವ ತೊಂದರೆಯನ್ನೂ ಕೊಡದೆ ಜೀವನಪರ್ಯಂತ ಇರುತ್ತದೆ. ಸಾಮಾನ್ಯ ಅಲ್ಟ್ರಾಸೌಂಡ್ ಗಂಟನ್ನು ತೋರಿಸಬಲ್ಲದು. ಅದರ ಸ್ವಭಾವವನ್ನು ಅನೇಕ ವೇಳೆ ಖಚಿತವಾಗಿ ಹೇಳಲಾರದು. ಈ ಕೊರತೆಯನ್ನು ತುಂಬಲು ಬಂದಿರುವುದೇ ಕಾಂಟ್ರಾಸ್ಟ್ ಅಲ್ಟ್ರಾಸೌಂಡ್.

1968ರಲ್ಲಿ ಅಮೆರಿಕದ ವೈದ್ಯರಾದ ರೇಮಂಡ್ ಗ್ರಾಮಿಯಾಕ್ ಮತ್ತು ಪ್ರವೀಣ್ ಶಾ ಅವರು ಹೃದಯದ ಪರೀಕ್ಷೆಯಲ್ಲಿ, ರಕ್ತಕ್ಕೆ ಸೇರಿಸಿದ ದ್ರವದೊಡನೆ ಬಂದ ಗುಳ್ಳೆಗಳು ಶಬ್ದತರಂಗಗಳನ್ನು ಬಲವಾಗಿ ಮರಳಿಸುವುದನ್ನು ವರದಿ ಮಾಡಿದರು. ಆ ತತ್ತ್ವದಿಂದಲೇ ಬೆಳೆದ ‘ಸೋನೋವ್ಯೂ’ ಎಂಬ ಔಷಧಕ್ಕೆ 2001ರಲ್ಲಿ ಯೂರೋಪಿನಲ್ಲಿ ಅನುಮತಿ ದೊರೆಯಿತು. ಅಮೆರಿಕದಲ್ಲಿ ಅದನ್ನು ಯಕೃತ್ತಿನ ಪರೀಕ್ಷೆಗೆ ಬಳಸಲು 2016ರಲ್ಲಿ ಒಪ್ಪಿಗೆಯಾಯಿತು. ಇದರಲ್ಲಿರುವುದು ತೆಳುವಾದ ಕೊಬ್ಬಿನ ಪೊರೆಯೊಳಗೆ ಅಡಗಿದ ಅನಿಲದ ಗುಳ್ಳೆಗಳು. ರಕ್ತದ ಕೆಂಪುಕಣಕ್ಕಿಂತಲೂ ಕಿರಿದಾದವು.

ಯಕೃತ್ತಿಗೆ ರಕ್ತ ಎರಡು ದಾರಿಗಳಿಂದ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ಸಿರೆಯ ಮೂಲಕ, ಉಳಿದುದು ಅಪಧಮನಿಯ ಮೂಲಕ. ಯಕೃತ್ತಿನ ಕ್ಯಾನ್ಸರ್ ಮುಖ್ಯವಾಗಿ ಅಪಧಮನಿಯ ರಕ್ತವನ್ನೇ ಹೀರಿ ಬೆಳೆಯುತ್ತದೆ. ಆದ್ದರಿಂದ ಕೈಯ ಸಿರೆಗೆ ಗುಳ್ಳೆಗಳನ್ನು ಚುಚ್ಚಿದ ಮೊದಲ ಅರ್ಧ ನಿಮಿಷದಲ್ಲಿ ಅಂಥ ಗಂಟು ಥಟ್ಟನೆ ಬೆಳಗಿ, ಅನಂತರ ಸುತ್ತಲಿನ ಯಕೃತ್ತಿಗಿಂತ ಮಂಕಾಗುತ್ತದೆ. ಬೇರೆಡೆಯಿಂದ ಹರಡಿದ ಕ್ಯಾನ್ಸರ್ ಸಾಮಾನ್ಯವಾಗಿ ಒಂದು ನಿಮಿಷದೊಳಗೇ ಮಂಕಾಗುವುದು. ಹೆಮಾಂಜಿಯೋಮವಾದರೋ ಅಂಚಿನಿಂದ ಒಳಕ್ಕೆ ನಿಧಾನವಾಗಿ ತುಂಬಿಕೊಂಡು ಬೆಳಗುತ್ತಲೇ ಇರುತ್ತದೆ. ಕೆಲವೇ ನಿಮಿಷಗಳಲ್ಲಿ ಅನಿಲವು ಉಸಿರಿನೊಡನೆ ಹೊರಹೋಗುತ್ತದೆ.

ಇದರಲ್ಲಿ ಎಕ್ಸ್-ರೇ ವಿಕಿರಣವಿಲ್ಲ, ಮೂತ್ರಪಿಂಡಕ್ಕೂ ಭಾರವಿಲ್ಲ. ಅಲರ್ಜಿ ವಿರಳವಾದರೂ ಉಂಟು. ಹೃದ್ರೋಗ ಅಥವಾ ಹಿಂದಿನ ಅಲರ್ಜಿ ಇದ್ದವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಸ್ಥೂಲಕಾಯದವರಲ್ಲಿ, ಆಳದಲ್ಲಿರುವ ಗಂಟುಗಳಲ್ಲಿ ಚಿತ್ರ ಅಸ್ಪಷ್ಟವಾಗಬಹುದು, ಆಗ ಸಿ.ಟಿ., ಎಂ.ಆರ್.ಐ. ಅಥವಾ ಬಯಾಪ್ಸಿ ಅನಿವಾರ್ಯ. ಎಲ್ಲ ಸ್ಕ್ಯಾನಿಂಗ್ ಕೇಂದ್ರಗಳಲ್ಲಿಯೂ ಈ ಸೌಲಭ್ಯವಿಲ್ಲ. ಕುಷ್ಟಗಿ, ಯಲಬುರ್ಗಾಗಳಿಂದ ದೂರದ ಊರಿಗೆ ಹೊರಡುವವರು ಮುಂಚಿತವಾಗಿ ವಿಚಾರಿಸುವುದು ಲೇಸು.

ಪರೀಕ್ಷೆ ಎಷ್ಟೇ ಸೂಕ್ಷ್ಮವಾಗಿದ್ದರೂ ರೋಗಿ ಸಕಾಲದಲ್ಲಿ ಬಂದರೆ ಮಾತ್ರ ಪ್ರಯೋಜನ. ಯಕೃತ್ತಿನ ಕ್ಯಾನ್ಸರ್ ಆರಂಭದಲ್ಲಿ ನೋವಿನ ಸುಳಿವನ್ನೇ ಕೊಡದಿರಬಹುದು. ಸಿರೋಸಿಸ್ ಉಳ್ಳವರು ಆರು ತಿಂಗಳಿಗೊಮ್ಮೆ ಸಾಮಾನ್ಯ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಬೇಕು. ಹೆಪಟೈಟಿಸ್-ಬಿ ಸೋಂಕಿತರು ವೈದ್ಯರ ಸಲಹೆಯಂತೆ ನಡೆಯಬೇಕು. ಕೊಪ್ಪಳ, ಗಂಗಾವತಿಯಂಥ ಪಟ್ಟಣವಿರಲಿ, ಹಳ್ಳಿಯಿರಲಿ, ಸಾಮಾನ್ಯ ಸ್ಕ್ಯಾನಿಂಗಿಗೆ ಹಿಂಜರಿಯಬಾರದು.

ತಡೆಯುವ ದಾರಿಯೂ ಮನೆಯಲ್ಲಿಯೇ ಇದೆ. ಮಗು ಹುಟ್ಟಿದ 24 ಗಂಟೆಗಳೊಳಗೆ ಹೆಪಟೈಟಿಸ್-ಬಿ ಲಸಿಕೆ ಹಾಕಿಸಿರಿ. ಒಬ್ಬರ ಬ್ಲೇಡನ್ನು ಮತ್ತೊಬ್ಬರು ಬಳಸದಿರಿ. ಮದ್ಯದಿಂದ ದೂರವಿರಿ. ಬೂಷ್ಟು ಹಿಡಿದ ಶೇಂಗಾ ಮತ್ತು ಮೆಕ್ಕೆಜೋಳದಲ್ಲಿ ಯಕೃತ್ತಿಗೆ ಮಾರಕವಾದ ಅಫ್ಲಾಟಾಕ್ಸಿನ್ ವಿಷ ಇರಬಹುದು. ಒಕ್ಕಿದ ಕಾಳನ್ನು ಚೆನ್ನಾಗಿ ಒಣಗಿಸಿ ಕೂಡಿಡಿರಿ. ಕೆಟ್ಟುದನ್ನು ಮನೆಯವರಿಗೂ ದನಕರುಗಳಿಗೂ ಉಣಿಸದಿರಿ.