ಕಡಲತಡಿಯ ನಾಯಿ

ಬಿ.ಸಿ.ರೋಡಿನಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ, ಜಗಲಿಯ ಮೇಲೆ ನಿಂತು ಹೋಗಿಬರುವವರನ್ನೆಲ್ಲ ಬೊಗಳುವ ಪುಟ್ಟ ಬಿಳಿಯ ನಾಯಿಗಳನ್ನು ನೀವು ಕಂಡಿರಬಹುದು. ಕೇಳಿದರೆ ಮನೆಯವರು ‘ಪೊಮೆರೇನಿಯನ್’ ಎನ್ನುತ್ತಾರೆ. ಪೊಮೆರೇನಿಯವೆಂಬುದು ಬಾಲ್ಟಿಕ್ ಸಮುದ್ರದ ದಂಡೆಯ ಪ್ರಾಂತ. ಇಂದು ಜರ್ಮನಿ, ಪೋಲೆಂಡುಗಳಲ್ಲಿ ಹಂಚಿಹೋಗಿದೆ. ಸ್ಲಾವ್ ಮೂಲದ ಆ ಹೆಸರಿಗೆ ಕಡಲ ಬಳಿಯದೆಂದೇ ಅರ್ಥ. ನಮ್ಮದೂ ಕರಾವಳಿಯೇ ಅಹುದು. ಆದರೆ ಅಲ್ಲಿ ಹಿಮ, ಇಲ್ಲಿ ಬೆವರು.

ಇದರ ಪೂರ್ವಜರು ಜರ್ಮನಿಯ ಸ್ಪಿಟ್ಜ್ ನಾಯಿಗಳು. ಸ್ಪಿಟ್ಜ್ ಎಂದರೆ ಮೊನಚು. ಮೂತಿ, ಕಿವಿಗಳನ್ನು ನೋಡಿದರೆ ಸಾಕು. 1888ರಲ್ಲಿ ವಿಕ್ಟೋರಿಯಾ ರಾಣಿಯು ಫ್ಲಾರೆನ್ಸಿನಲ್ಲಿ ಚಿಕ್ಕದೊಂದನ್ನು ಕೊಂಡ ಮೇಲೆ ಕುಬ್ಜ ತಳಿಗೆ ಮನ್ನಣೆ ಹೆಚ್ಚಿತು. ಅಚ್ಚ ಪೊಮೆರೇನಿಯನ್ 3.5 ಕಿಲೋ ಮೀರುವುದು ವಿರಳ. ನಮ್ಮ ಜಗಲಿಗಳಲ್ಲಿರುವುದು ಬಹುಮಟ್ಟಿಗೆ ಅದರ ದಾಯಾದಿ, ತುಸು ದೊಡ್ಡದಾದ ಇಂಡಿಯನ್ ಸ್ಪಿಟ್ಜ್.

ಎರಡಕ್ಕೂ ಎರಡು ಪದರದ ರೋಮ. ನಾಯಿ ನಮ್ಮಂತೆ ಮೈಯೆಲ್ಲ ಬೆವರಿ ತಣಿಯುವ ಪ್ರಾಣಿಯಲ್ಲ. ಏದುಸಿರಿನಲ್ಲಿ ನಾಲಗೆಯ ತೇವ ಆರಿದಾಗ ಅದಕ್ಕೆ ತಂಪು. ಎಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಗಾಳಿಯೇ ತೇವದಿಂದ ತುಂಬಿರುವಾಗ ಈ ಉಪಾಯವೂ ಸೋಲುತ್ತದೆ. ಮಧ್ಯಾಹ್ನ ಸಿಮೆಂಟಿನ ಅಂಗಳದಲ್ಲಿ ಕಟ್ಟಿಹಾಕಿದ ನಾಯಿ ಅರಚಿದರೆ ಹಠವೆನ್ನಬೇಡಿ, ಅದು ಪ್ರಾಣಸಂಕಟವಿರಬಹುದು. ನೆರಳಿಗೆ ತಂದು, ಮೈಗೆ ನೀರು ಹಾಕಿ, ಗಾಳಿ ಬೀಸಿ, ಪಶುವೈದ್ಯರಲ್ಲಿಗೆ ಒಯ್ಯಿರಿ.

ಕುಬ್ಜ ತಳಿಯಲ್ಲಿ ಶ್ವಾಸನಾಳ ಕುಸಿಯುವ ರೋಗವೂ ಉಂಟು. ಕರ್ಕಶವಾದ ಒಣಕೆಮ್ಮು ಅದರ ಗುರುತು. ಆದುದರಿಂದ ಕತ್ತಿನ ಪಟ್ಟಿಗಿಂತ ಎದೆಗೆ ಸುತ್ತುವ ಪಟ್ಟಿ ಲೇಸು. ಮಂಡಿಚಿಪ್ಪು ಜಾರುವುದೂ ಹಲ್ಲು ಬೇಗ ಉದುರುವುದೂ ಸಾಮಾನ್ಯ. ಮಳೆಗಾಲದಲ್ಲಿ ರೋಮವನ್ನು ಬುಡದವರೆಗೆ ಒರಸಿ, ಉಣ್ಣಿಗಳನ್ನು ಹುಡುಕಿ ತೆಗೆಯಿರಿ. ಮನೆಯೊಳಗಿನ ನಾಯಿಯೆಂದು ಹುಚ್ಚುನಾಯಿ ರೋಗದ ಲಸಿಕೆಯನ್ನು ಮಾತ್ರ ತಪ್ಪಿಸತಕ್ಕದ್ದಲ್ಲ.